ಪಡೀಲಿನ ಗುಡ್ಡದಲ್ಲಿ ಮುಚ್ಚಿದ್ದ ಸುರಂಗ

ಪಡೀಲಿನಿಂದ ಕರೆ ಬಂದಾಗ ನಾನು ಮೊದಲು ಕೇಳಿದ್ದು, ಗುಡ್ಡೆಯಾ ಬೈಲಾ ಎಂದು. ಕಂಟ್ರೋಲ್ ರೂಮಿನಲ್ಲಿದ್ದವಳು ಘಟ್ಟದ ಮೇಲಿನಿಂದ ಹೊಸದಾಗಿ ಬಂದವಳು. ಸಾಹೇಬರಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಗುಡ್ಡ ಜರಿದಿದೆ, ಪಾಯದ ಗುಂಡಿಯಲ್ಲಿ ಇಬ್ಬರು ಕೆಲಸದವರು ಸಿಕ್ಕಿಕೊಂಡಿದ್ದಾರೆ ಎಂದಷ್ಟೇ ಹೇಳಿದಳು. ನನಗೆ ಬೇಕಾದ ಉತ್ತರ ಅದರಲ್ಲೇ ಇತ್ತು. ಗಾಡಿಯಿಂದ ದೋಣಿ ಇಳಿಸಿ, ಹಲಗೆ, ಜಾಕ್, ಭಾರ ಎತ್ತುವ ಗಾಳಿಚೀಲ, ಕಬ್ಬಿಣ ಕತ್ತರಿಸುವ ಯಂತ್ರ ಹಾಕಿಸಿಕೊಂಡು ಹೊರಟೆವು.

ಹೊರಗಿನವರಿಗೆ ಮಂಗಳೂರೆಂದರೆ ಕಡಲು, ಮೀನು, ಬಂದರು. ಅಗ್ನಿಶಾಮಕ ಠಾಣೆಯ ಅಧಿಕಾರಿಯಾದ ನನಗೆ ಅದು ಎರಡು ನದಿಗಳ ನಡುವೆ ಸಿಕ್ಕಿದ ಗುಡ್ಡಗಳ ಊರು. ಮೇಲೆ ಚಪ್ಪಟೆ ಪದವು, ಪಕ್ಕೆಯಲ್ಲಿ ಇಳಿಜಾರು, ಕೆಳಗೆ ಒಂದು ಕಾಲದಲ್ಲಿ ಗದ್ದೆಯಾಗಿದ್ದ ಬೈಲು. ನಾನು ಹುಟ್ಟಿ ಬೆಳೆದದ್ದು ದೇರೆಬೈಲಿನಲ್ಲಿ. ಹೆಸರಿನಲ್ಲೇ ಬೈಲು ಇದೆ, ಆದರೂ ಮನೆಯೊಳಗೆ ನೀರು ಬಂದ ಮೇಲೆ ಎಲ್ಲರಿಗೂ ಆಶ್ಚರ್ಯ. ಗದ್ದೆಗೆ ಮಣ್ಣು ತುಂಬಿದ ಮಾತ್ರಕ್ಕೆ ನೀರಿಗೆ ತನ್ನ ಜಾಗ ಮರೆತುಹೋಗುವುದಿಲ್ಲ. ಕೊಟ್ಟಾರದಿಂದ ಕರೆ ಬಂದರೆ ಹೆದ್ದಾರಿಯ ಅಪಘಾತ, ಇಲ್ಲವೇ ಮಳೆನೀರಿನ ತೋಡು ಉಕ್ಕಿದ್ದು. ಪಡೀಲಿನಿಂದ ಮಳೆಗಾಲದಲ್ಲಿ ಬಂದರೆ ಹೆಚ್ಚಾಗಿ ಗುಡ್ಡವೇ.

ಈ ಗುಡ್ಡಗಳು ನಮಗೆ ಒಂದು ತಪ್ಪು ಪಾಠ ಕಲಿಸಿವೆ. ಮೇಲಿನ ಪದರ ಕೆಂಪು ಮುರಕಲ್ಲು. ಅದನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ನೆಟ್ಟಗೇ ನಿಲ್ಲುತ್ತದೆ, ಮಳೆಗೂ ಜಗ್ಗುವುದಿಲ್ಲ. ನಮ್ಮ ಅಜ್ಜಂದಿರು ಹಾಗೆಯೇ ಕಡಿದು, ಕಡಿದ ಕಲ್ಲಿನಿಂದಲೇ ಮನೆ ಕಟ್ಟಿದರು. ಅವರು ಪಿಕ್ಕಾಸಿಯಲ್ಲಿ ಕಡಿದವರು, ಸುಸ್ತಾದಲ್ಲಿಗೆ ನಿಲ್ಲಿಸಿದರು. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ, ಬೆಳ್ಳಗೆ, ಅಲ್ಲಲ್ಲಿ ನಸುಗೆಂಪು. ಒಣಗಿದಾಗ ಉಗುರು ಇಳಿಯದಷ್ಟು ಗಟ್ಟಿ. ನೀರು ಕುಡಿದರೆ ದೋಸೆ ಹಿಟ್ಟು. ಯಂತ್ರಕ್ಕೆ ಸುಸ್ತೆಂಬುದಿಲ್ಲ. ಅಜ್ಜ ಕಡಿದ ಹಾಗೆ ನೆಟ್ಟಗೆ ಕಡಿಯುತ್ತಾ ಶೇಡಿಯೊಳಗೂ ಇಳಿದುಬಿಡುತ್ತದೆ.

ಪಡೀಲಿನಲ್ಲಿ ಆದದ್ದೂ ಅದೇ. ಗಾಡಿ ಒಳಗೆ ಹೋಗುವಷ್ಟು ಅಗಲದ ದಾರಿ ಇರಲಿಲ್ಲ. ಸಾಮಾನು ಹೊತ್ತುಕೊಂಡು ಏರು ಹತ್ತಿದೆವು. ಎರಡು ಮಾಳಿಗೆ ಎತ್ತರದ ಕಡಿತ, ಅದರ ನಡುವಿನಿಂದ ಒಂದು ದೊಡ್ಡ ತುಂಡು ಕಚ್ಚಿ ತೆಗೆದ ಹಾಗೆ ಮಾಯ. ಆ ತುಂಡು ಕೆಳಗಿನ ಗುಂಡಿಯಲ್ಲಿತ್ತು, ಅರ್ಧ ಕಟ್ಟಿದ ತಡೆಗೋಡೆಯನ್ನೂ ಎಳೆದುಕೊಂಡು. ಮೇಲೆ ಅಂಚಿನಲ್ಲಿ ಒಂದು ಮನೆಯ ಬಾವಿಕಟ್ಟೆ ಅರ್ಧ ಗಾಳಿಯಲ್ಲಿ ನೇತಾಡುತ್ತಿತ್ತು. ಆ ಮನೆಯವರನ್ನು ಹೊರಗೆ ಕಳಿಸಿ, ಕರೆಂಟಿನವರಿಗೆ ಹೇಳಿ ತಂತಿಯಲ್ಲಿ ವಿದ್ಯುತ್ ಇಲ್ಲ ಎಂದು ಖಾತ್ರಿ ಮಾಡಿಕೊಂಡೆ. ಒಬ್ಬನನ್ನು ಗುಡ್ಡದ ನೆತ್ತಿಯನ್ನೇ ನೋಡುತ್ತಾ ನಿಲ್ಲಲು ಹೇಳಿ ಸೀಟಿ ಕೊಟ್ಟೆ. ಅವನು ಸೀಟಿ ಊದಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು, ಯಾರೇ ಆಗಲಿ.

ಮೊದಲು ಸಿಕ್ಕಿದವನು ಕಬ್ಬಿಣ ಕಟ್ಟುವವನು. ಪಾಯಕ್ಕೆ ನಿಲ್ಲಿಸಿದ್ದ ಸರಳುಗಳ ಮೇಲೆ ಗುಡ್ಡ ಅವನನ್ನು ಎತ್ತಿ ಎಸೆದಿತ್ತು. ಒಂದು ಸರಳು ಬೆನ್ನಿನಿಂದ ಒಳಗೆ ಹೋಗಿ ಎದೆಯಿಂದ ಹೊರಗೆ ಬಂದಿತ್ತು. ಬಾಯಿ ತುಂಬ ಬಿಳಿ ಮಣ್ಣು. ನಾಡಿ ನೋಡಿ, ಮುಖಕ್ಕೆ ಗೋಣಿ ಹಾಕಿ, ಆಚೆಯವನ ಕಡೆಗೆ ತಿರುಗಿದೆವು. ಇಂಥ ಹೊತ್ತಿನಲ್ಲಿ ಸತ್ತವನಿಗೆ ಸಮಯ ಕೊಡುವ ಹಾಗಿಲ್ಲ. ಈ ನಿಯಮವನ್ನು ನಾನು ಪಾಲಿಸುತ್ತೇನೆ, ಪ್ರತಿಸಲವೂ ದ್ವೇಷಿಸುತ್ತೇನೆ.

ಆಚೆಯವನು ಬದುಕಿದ್ದ. ಕಲ್ಲು ಕಟ್ಟುವ ಮೇಸ್ತ್ರಿ, ಇಪ್ಪತ್ತೈದರ ಆಸುಪಾಸು. ಎದೆಯವರೆಗೆ ಶೇಡಿಯಲ್ಲಿ ಹೂತುಹೋಗಿದ್ದ. ಬಲಗಾಲಿನ ಮೇಲೆ ತಡೆಗೋಡೆಯ ತುಂಡು, ಅದರ ಸುತ್ತ ಸರಳು. ಮಾತಾಡುತ್ತಿದ್ದ. ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಎಂದ. ನಾವೆಲ್ಲ ತುಳುವರು, ಆಡಿದ್ದು ತುಳು. ಇಲ್ಲಿ ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸುತ್ತ ಹಲಗೆ ಹಾಸಿ ನಮ್ಮ ಭಾರ ಹರಡಿಕೊಂಡೆವು. ಅವನ ಎರಡೂ ಪಕ್ಕದಲ್ಲಿ ಕಾಂಕ್ರೀಟಿನ ಅಚ್ಚಿಗೆ ಬಳಸುವ ಸೆಂಟ್ರಿಂಗ್ ಶೀಟು ನಿಲ್ಲಿಸಿ ಜಾಕ್ ಕೊಟ್ಟೆವು. ಆಮೇಲೆ ಬುಟ್ಟಿ, ಕೈ, ಸಣ್ಣ ಗುದ್ದಲಿ. ಗುಡ್ಡ ಕಡಿದ ಜೆಸಿಬಿ ಯಂತ್ರ ಹತ್ತಿರ ಬರಬಾರದು. ಅದರ ನಡುಕಕ್ಕೇ ಗುಡ್ಡ ಮತ್ತೆ ಇಳಿಯಬಹುದು, ಬಕೆಟಿನ ಹಲ್ಲಿಗೆ ಮಣ್ಣೂ ಮನುಷ್ಯನೂ ಒಂದೇ. ಆದರೆ ಶೇಡಿ ನಮ್ಮನ್ನು ಗೇಲಿ ಮಾಡುತ್ತಿತ್ತು. ಒಂದು ಬುಟ್ಟಿ ತೆಗೆದರೆ ಶೀಟಿನ ಅಡಿಯಿಂದ ಎರಡು ಬುಟ್ಟಿ ಹರಿದು ಬರುತ್ತಿತ್ತು. ಹೊಟ್ಟೆಯವರೆಗೆ ಬಿಡಿಸಿದೆವು ಎಂದುಕೊಳ್ಳುವಾಗ ಅವನು ಮತ್ತೆ ಕಂಕುಳವರೆಗೆ ಮುಳುಗಿದ್ದ. ಉಸಿರು ಗಿಡ್ಡವಾಗುತ್ತಿತ್ತು.

ಅಷ್ಟರಲ್ಲಿ ಜನ ಸೇರಿದ್ದರು. ನಮ್ಮೂರಿನಲ್ಲಿ ಗುಡ್ಡ ಜರಿದರೆ ಸಾಕು, ಲುಂಗಿ ಎತ್ತಿ ಕಟ್ಟಿದವರೆಲ್ಲ ಇಂಜಿನಿಯರುಗಳಾಗುತ್ತಾರೆ. ಅರ್ಧ ಜನ ಮೊಬೈಲ್ ಹಿಡಿದಿದ್ದರು, ಉಳಿದರ್ಧ ನಮಗೆ ಬಯ್ಯುತ್ತಿದ್ದರು. ಜೆಸಿಬಿ ಪಕ್ಕದಲ್ಲೇ ನಿಂತಿದೆ, ಇವರು ಬುಟ್ಟಿಯಲ್ಲಿ ಮಣ್ಣು ಹೊರುತ್ತಾರೆ ಎಂದು ಒಬ್ಬ ಕೂಗಿದ. ಒಂದು ಕಲ್ಲು ಬಂದು ನಮ್ಮ ಹಿರಿಯ ಫೈರ್‌ಮನ್ನಿನ ಭುಜಕ್ಕೆ ಬಿತ್ತು. ಅವರು ತಲೆ ಎತ್ತದೆ ಮಣ್ಣು ತೆಗೆಯುತ್ತಿದ್ದರು. ಎರಡನೆಯದು ಹೂತವನ ತಲೆಯ ಹತ್ತಿರ ಬಿತ್ತು. ಆಗ ನಾನು ಎದ್ದು ನಿಂತು, ಬರೆಯಲಾಗದ ಮಾತಿನಲ್ಲಿ ಬೈದೆ.

ಬೈದು ಮುಗಿಸುವ ಮೊದಲೇ ಜೆಸಿಬಿ ಸ್ಟಾರ್ಟ್ ಆಯಿತು. ಒಳಗೆ ಕುಳಿತವನು ಅದರ ಆಪರೇಟರ್, ಹೂತವನ ಒಡಹುಟ್ಟಿದ ಅಣ್ಣ. ಅಲ್ಲಿಯವರೆಗೆ ಅವನು ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಲೆ ಚಚ್ಚಿಕೊಳ್ಳುತ್ತಿದ್ದ. ಜನ ಅವನನ್ನು ಹುರಿದುಂಬಿಸಿ ಎಬ್ಬಿಸಿದ್ದರು. ಬಕೆಟ್ ಎತ್ತಿಕೊಂಡು ಯಂತ್ರ ನೇರ ಗುಂಡಿಯ ಕಡೆಗೆ ಬಂತು. ಅದರ ತೋಳು ತಿರುಗಿದಾಗ ನಮ್ಮವನೊಬ್ಬನ ಸೊಂಟಕ್ಕೆ ಬಡಿಯಿತು. ಅವನು ಮಣ್ಣಿನ ರಾಶಿಯ ಮೇಲಿಂದ ಉರುಳಿ ಬಿದ್ದ. ಚಕ್ರದ ನಡುಕಕ್ಕೆ ಕಡಿತದ ಮೇಲಿನಿಂದ ಹೆಂಟೆಗಳು ಉದುರತೊಡಗಿದವು. ಸೀಟಿ ಕೂಗಿತು, ನಮ್ಮವರು ಬಿದ್ದವನನ್ನು ಎಳೆದುಕೊಂಡು ಹೊರಗೆ ಓಡಿದರು.

ನನ್ನ ಸಿಟ್ಟು ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಓಡಿಹೋಗಿ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದೆ. ಚಾವಿಗೆ ಕೈ ಹಾಕಿದಾಗ ಅವನು ನನ್ನ ಕುತ್ತಿಗೆ ಹಿಡಿದ. ಹುಚ್ಚು ಬಲ ಅವನಿಗೆ. ಕಣ್ಣು ಕತ್ತಲೆ ಬಂತು. ತಲೆಯಿಂದ ಹೆಲ್ಮೆಟ್ ತೆಗೆದು ಅವನ ಮುಖಕ್ಕೆ ಹೊಡೆದೆ, ಅವನು ಬಿಡಲಿಲ್ಲ, ಮತ್ತೆ ಹೊಡೆದೆ. ತುಟಿ ಹರಿದು, ಮೂಗಿನಿಂದ ರಕ್ತ ನನ್ನ ಅಂಗಿಗೆ ಹಾರಿತು. ಚಾವಿ ಕಿತ್ತುಕೊಂಡು ಅವನನ್ನು ಕಾಲರ್ ಹಿಡಿದು ಕೆಳಗೆ ಎಳೆದು ಹಾಕಿದೆ. ಗುಂಡಿಯಲ್ಲಿದ್ದ ತಮ್ಮ ಇದನ್ನೆಲ್ಲ ನೋಡುತ್ತಿದ್ದ. ಅವನ ಕುತ್ತಿಗೆ ಈಚೆ ತಿರುಗಿತ್ತು, ಆಚೆ ತಿರುಗಿಸಲು ಅವನಿಂದ ಆಗುತ್ತಿರಲಿಲ್ಲ.

ಜನ ನನ್ನ ಮೇಲೆ ಬಿದ್ದರು. ಯಾರು ಎಲ್ಲಿ ಹೊಡೆದರೋ ಲೆಕ್ಕವಿಲ್ಲ. ಪಕ್ಕೆಗೆ ಬಿದ್ದ ಒಂದು ಒದೆತ ಮಾತ್ರ ಈಗಲೂ ಕೆಮ್ಮಿದಾಗ ನೆನಪಾಗುತ್ತದೆ. ಪೊಲೀಸರು ಬಂದು ಲಾಠಿ ಬೀಸಿ ಅವರನ್ನು ರಸ್ತೆಯವರೆಗೆ ಅಟ್ಟಿದರು. ಜಾಗದ ಯಜಮಾನ ಕಾರಿನೊಳಗೆ ಗಾಜು ಏರಿಸಿಕೊಂಡು ಕುಳಿತಿದ್ದ. ಅವನಿಗೆ ಒಂದು ಪೆಟ್ಟೂ ಬೀಳಲಿಲ್ಲ. ಅದು ನನಗೆ ಈಗಲೂ ಬೇಸರ.

ನೆಲದಲ್ಲಿ ಬಿದ್ದಿದ್ದಾಗ ನನ್ನ ಕೆನ್ನೆಗೆ ತಣ್ಣೀರು ತಾಗಿತು. ಮಳೆ ನಿಂತು ಬಹಳ ಹೊತ್ತಾಗಿತ್ತು. ಮೇಲಿಂದ ಹರಿದು ಬರುವ ನೀರು ಇಷ್ಟರಲ್ಲಿ ಕಡಿಮೆಯಾಗಬೇಕಿತ್ತು. ಇದು ಹೆಚ್ಚಾಗುತ್ತಿತ್ತು. ಬಂದ ದಿಕ್ಕಿಗೆ ತೆವಳಿ ನೋಡಿದೆ. ತಡೆಗೋಡೆಯ ಬೀಳದೆ ಉಳಿದ ಎಡತುದಿಯ ಬುಡದಲ್ಲಿ, ಕಾಂಕ್ರೀಟಿನ ಸಂದಿನಿಂದ ನೀರು ಪಿಚಕಾರಿಯ ಹಾಗೆ ಚಿಮ್ಮುತ್ತಿತ್ತು. ಅದರೊಂದಿಗೆ ಬಿಳಿ ಶೇಡಿಯೂ ಕರಗಿ ಬರುತ್ತಿತ್ತು. ಗುಡ್ಡದ ಹೊಟ್ಟೆಯೊಳಗೆ ಎಲ್ಲೋ ನೀರು ತುಂಬಿ ನಿಂತಿದೆ ಎಂದು ಆಗ ಗೊತ್ತಾಯಿತು. ನಾವು ಬುಟ್ಟಿಯಲ್ಲಿ ತೆಗೆದದ್ದೆಲ್ಲ ಏಕೆ ಹಿಂದೆ ಬರುತ್ತಿತ್ತು ಎಂಬುದೂ ತಿಳಿಯಿತು. ಅಣ್ಣ ಅಲ್ಲೇ ಕುಳಿತು ಬಾಯಿಂದ ರಕ್ತ ಉಗಿಯುತ್ತಿದ್ದ.

"ಈ ನೀರು ಎಲ್ಲಿಂದ ಬರುದು?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. "ಅಲ್ಲಿ ಸುರಂಗ ಉಂಟು ಸಾರ್. ಬಾಯಿ ಮುಚ್ಚಿದ್ದು ನಾನೇ."

ಘಟ್ಟದ ಮೇಲಿನವರಿಗೆ ಸುರಂಗವೆಂದರೆ ರೈಲು ಹೋಗುವುದು. ನಮ್ಮಲ್ಲಿ ಹಳಬರು ನೀರಿಗಾಗಿ ಗುಡ್ಡದ ಪಕ್ಕೆಯನ್ನು ಅಡ್ಡಕ್ಕೆ ಕೊರೆಯುತ್ತಿದ್ದರು. ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರದ ಗುಹೆ, ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು. ಮುರಕಲ್ಲು ಶೇಡಿ ಸೇರುವಲ್ಲಿ ಒಸರುವ ನೀರು ತಾನಾಗಿಯೇ ಹರಿದು ಬಂದು ಬಾಯಲ್ಲಿರುವ ತೊಟ್ಟಿಗೆ ಬೀಳುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಹೊರಬೀಳುವ ದಾರಿಯೂ ಅದೇ. ಈ ಜಾಗ ಕೊಂಡ ಯಜಮಾನನಿಗೆ ನಳ್ಳಿಯ ನೀರಿತ್ತು, ಸುರಂಗ ಬೇಡವಾಗಿತ್ತು. ತಡೆಗೋಡೆಯ ಗೆರೆ ಸರಿಯಾಗಿ ಅದರ ಬಾಯಿಯ ಮೇಲೆ ಬಂದಿತ್ತು. ಕಲ್ಲು ಚೂರು ನೂಕಿ ಮುಚ್ಚು ಎಂದಿದ್ದ. ಅಣ್ಣ ಬಕೆಟಿನಿಂದ ನೂಕಿದ, ಮೇಲೆ ಕಾಂಕ್ರೀಟು ಸುರಿದರು. ಅಂದಿನಿಂದ ಸುರಿದ ಮಳೆಯೆಲ್ಲ ಒಳಗೇ ನಿಂತಿತ್ತು.

ಈಗ ಎರಡೇ ದಾರಿ. ಹೀಗೇ ಬುಟ್ಟಿಯಲ್ಲಿ ತೆಗೆಯುತ್ತಾ ಹೋದರೆ ಒಳಗಿನ ನೀರು ಗುಡ್ಡದ ಉಳಿದ ಭಾಗವನ್ನೂ ನಮ್ಮ ಮೇಲೆ ನೂಕುತ್ತದೆ, ಮೇಲಿನ ಮನೆಯ ಸಮೇತ. ಸುರಂಗದ ಬಾಯಿ ಒಡೆದರೆ ನೀರು ಹೊರಗೆ ಹೋಗುತ್ತದೆ, ಆದರೆ ಹೂತವನ ಪಕ್ಕದಿಂದಲೇ. ಒಡೆಯಲು ಯಂತ್ರ ಬೇಕು. ಯಂತ್ರ ಹತ್ತಿರ ತರಬಾರದೆಂದು ಈಗಷ್ಟೇ ಒಬ್ಬನ ಮುಖ ಒಡೆದಿದ್ದೆ. ಹಿರಿಯ ಫೈರ್‌ಮನ್ ಒಪ್ಪಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಮಾಡಿ ಅವನು ಸತ್ತರೆ ನಿಮ್ಮನ್ನು ಯಾರೂ ಉಳಿಸುವುದಿಲ್ಲ ಎಂದರು. ಅವರ ಮಾತು ಸರಿಯೇ ಇತ್ತು. ಶೀಟಿನ ಅಡಿಯಿಂದ ಶೇಡಿಯ ಮತ್ತೊಂದು ಅಲೆ ಬಂದು ಹೂತವನ ಗದ್ದಕ್ಕೆ ತಾಗಿತು. ಅದನ್ನು ನೋಡಿದ ಮೇಲೆ ನನಗೆ ಯೋಚಿಸಲು ಏನೂ ಉಳಿದಿರಲಿಲ್ಲ.

ಅಣ್ಣನ ಮುಂದೆ ಕುಳಿತು ಚಾವಿ ಚಾಚಿದೆ. "ನೀನು ಮುಚ್ಚಿದ್ದು ನಿನಗೇ ಗೊತ್ತುಂಟು ಎಲ್ಲಿ ಅಂತ. ಬಕೆಟಿನ ಹಲ್ಲು ಅಲ್ಲಿಗೇ ಹಾಕ್ಬೇಕು. ಒಂದು ಮೊಳ ಈಚೆ ಬಂದ್ರೆ ನಿನ್ನ ತಮ್ಮ ಇಲ್ಲ."

ಅವನು ಚಾವಿ ಮುಟ್ಟಲಿಲ್ಲ. "ನನ್ನಿಂದ ಆಗ್ಲಿಕ್ಕಿಲ್ಲ ಸಾರ್."

"ಆಗ್ಬೇಕು. ಬೇರೆ ಯಾರಿಗೂ ಜಾಗ ಗೊತ್ತಿಲ್ಲ ಮಾರಾಯ."

ಅವನು ಎದ್ದ.

ಮೊದಲು ರಸ್ತೆಯ ಕಡೆಗೆ ನೀರು ಹೋಗಲು ಕಣಿ ತೋಡಿದೆವು. ಮೇಸ್ತ್ರಿಗೂ ಸುರಂಗಕ್ಕೂ ನಡುವೆ ಇದ್ದಬದ್ದ ತಗಡು, ಹಲಗೆ ಓರೆಯಾಗಿ ನಿಲ್ಲಿಸಿ ಮರಳಿನ ಚೀಲ ಒರಗಿಸಿದೆವು. ಅವನ ಕಂಕುಳ ಕೆಳಗೆ ಹಗ್ಗ ಹಾಕಿ ಒಂದು ತುದಿಯನ್ನು ರಸ್ತೆಬದಿಯ ಕಂಬಕ್ಕೆ ಕಟ್ಟಿದೆವು. ಉಳಿದವರನ್ನೆಲ್ಲ ಹೊರಗೆ ಕಳಿಸಿದೆ. ನನ್ನ ಹೆಲ್ಮೆಟನ್ನು ಅವನ ತಲೆಗೆ ಹಾಕಿ, ಹಿಂದೆ ಕುಳಿತು ಅವನ ಗದ್ದವನ್ನು ಮೊಣಕೈಯಿಂದ ಮೇಲಕ್ಕೆತ್ತಿ ಹಿಡಿದುಕೊಂಡೆ. ನೀರು ಬರುತ್ತದೆ, ಉಸಿರು ಕಟ್ಟು ಎಂದರೆ ಕಟ್ಟಬೇಕು ಎಂದೆ. ಅವನು ಕೇಳಿದ್ದು ಒಂದೇ, ಗಾಡಿ ಓಡಿಸುವುದು ಅಣ್ಣನೇ ಹೌದಾ ಎಂದು. ಹೌದೆಂದೆ. ನನಗೆ ಹೆದರಿಕೆಯಾಗುತ್ತಿತ್ತು, ಅದನ್ನು ಅವನಿಗೆ ಕಾಣಿಸದ ಹಾಗೆ ಹಿಂದೆ ಕುಳಿತದ್ದು ಒಳ್ಳೆಯದೇ ಆಯಿತು.

ಬಕೆಟಿನ ಹಲ್ಲು ಮೊದಲ ಸಲ ಕಾಂಕ್ರೀಟಿಗೆ ಬಡಿದಾಗ ನೆಲ ಅದುರಿತು, ಕಡಿತದ ಮೇಲಿಂದ ಕಲ್ಲೊಂದು ಬಿದ್ದು ಹಲಗೆ ಸೀಳಿತು. ಎರಡನೇ ಸಲ ಹಲ್ಲು ಜಾರಿತು. ಮೂರನೇ ಸಲ ಅಣ್ಣ ಬಡಿಯಲಿಲ್ಲ. ಬಿರುಕಿಗೆ ಹಲ್ಲು ತೂರಿಸಿ, ಮುಚ್ಚಳ ಎಬ್ಬಿಸುವ ಹಾಗೆ ನಿಧಾನವಾಗಿ ಮೀಟಿದ. ಒಳಗಿನಿಂದ ಒಂದು ಸದ್ದು ಬಂತು, ಗಂಟಲಲ್ಲಿ ಸಿಕ್ಕಿದ್ದನ್ನು ಕಾರುವಂಥದ್ದು. ಆಮೇಲೆ ಇಡೀ ಗೋಡೆಯ ತುದಿ ಹಾರಿಹೋಯಿತು.

ನೀರು ಕಲ್ಲುಗಳನ್ನು ಎಸೆಯುತ್ತಾ ಬಂತು. ತಗಡು ಕಾಗದದ ಹಾಗೆ ಮಡಚಿತು. ಒಂದು ಮರಳಿನ ಚೀಲ ಬಂದು ನನ್ನ ಬೆನ್ನಿಗೆ ಅಪ್ಪಳಿಸಿತು. ಉಸಿರು ಕಟ್ಟು ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ನಾವಿಬ್ಬರೂ ಮುಳುಗಿದೆವು. ಕಣ್ಣು, ಮೂಗು, ಬಾಯಿ ಎಲ್ಲ ಕೆಂಪು ಕೆಸರು. ಅವನು ಒದ್ದಾಡುತ್ತಾ ನನ್ನ ಮುಂಗೈ ಕಚ್ಚಿದ, ಹಲ್ಲು ಮಾಂಸದೊಳಗೆ ಇಳಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ. ಕಚ್ಚುತ್ತಿದ್ದಾನೆಂದರೆ ಬದುಕಿದ್ದಾನೆ ಎಂದು ಅರ್ಥ. ಕಣಿ ಹಿಡಿದು ನೀರು ರಸ್ತೆಗೆ ಇಳಿದಾಗ ನಮ್ಮ ತಲೆ ಹೊರಗೆ ಬಂತು. ಅವನು ವಾಂತಿ ಮಾಡಿಕೊಂಡ. ನಾನೂ ಮಾಡಿಕೊಂಡೆ.

ನೀರು ಬಹಳ ಹೊತ್ತು ಹರಿಯಿತು. ಕೆಂಪು ಹೋಗಿ ಬಿಳಿಯಾಯಿತು, ಬಿಳಿ ಹೋಗಿ ತಿಳಿಯಾಯಿತು. ಮೇಲಿನ ಬಾವಿಕಟ್ಟೆ ಒಮ್ಮೆ ಕುಸಿದು ಆಚೆ ಬದಿಗೆ ಬಿತ್ತು, ನಮ್ಮ ಕಡೆಗೆ ಬರಲಿಲ್ಲ. ಶೇಡಿ ಹರಿಯುವುದನ್ನು ನಿಲ್ಲಿಸಿತು. ಈಗ ಒಂದು ಬುಟ್ಟಿ ತೆಗೆದರೆ ಒಂದು ಬುಟ್ಟಿಯ ಗುಂಡಿ ಗುಂಡಿಯಾಗಿಯೇ ಉಳಿಯುತ್ತಿತ್ತು. ಸರಳುಗಳನ್ನು ಒಂದೊಂದಾಗಿ ಕತ್ತರಿಸಿದೆವು. ಗೋಡೆಯ ತುಂಡಿನ ಅಡಿಗೆ ಗಾಳಿಚೀಲ ತೂರಿಸಿ, ಎತ್ತದೆ ಕಾದೆವು. ಹೆಚ್ಚು ಹೊತ್ತು ಜಜ್ಜಿದ ಕಾಲಿನ ಮೇಲಿಂದ ಭಾರ ಥಟ್ಟನೆ ತೆಗೆದರೆ, ಅಲ್ಲಿ ಸೇರಿದ ವಿಷ ಒಮ್ಮೆಗೇ ಹೃದಯಕ್ಕೆ ನುಗ್ಗಿ, ಮಾತಾಡುತ್ತಿದ್ದವನು ಮಾತಾಡುತ್ತಲೇ ಸಾಯುತ್ತಾನೆ. ಆಂಬುಲೆನ್ಸಿನಲ್ಲಿ ಬಂದಿದ್ದ ಡಾಕ್ಟರು ಹಲಗೆಯ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿ ಡ್ರಿಪ್ ಹಾಕಿದರು, ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿದರು. ಅವರು ತಲೆ ಆಡಿಸಿದ ಮೇಲೆ ಚೀಲಕ್ಕೆ ಗಾಳಿ ಬಿಟ್ಟೆವು. ಮೊಣಕಾಲಿನ ಕೆಳಗೆ ಕಾಲೆಂದು ಹೇಳಬಹುದಾದದ್ದು ಏನೂ ಇರಲಿಲ್ಲ. ಅವನ ಕಿರುಚಾಟಕ್ಕೆ ರಸ್ತೆಯಲ್ಲಿದ್ದವರೂ ಮೊಬೈಲ್ ಕೆಳಗಿಳಿಸಿದರು. ಅಣ್ಣ ಯಂತ್ರದೊಳಗಿಂದ ಇಳಿದಿರಲಿಲ್ಲ.

ಮೇಸ್ತ್ರಿ ಬದುಕಿದ. ಕೆಲವು ದಿನ ಬಿಟ್ಟು, ವರದಿಗೆ ಬೇಕಾದ ಹೇಳಿಕೆಗಾಗಿ ನಾನು ಆಸ್ಪತ್ರೆಗೆ ಹೋದೆ. ಬಾಗಿಲಿಗೆ ಹತ್ತಿರದ ಮಂಚ. ಸುರಂಗ ಮುಚ್ಚಿದ್ದು ಯಾರ ಮಾತಿಗೆ, ಗೋಡೆ ಎಷ್ಟು ಕಟ್ಟಿತ್ತು, ಎಲ್ಲ ಹೇಳಿದ. ಸುರಂಗದ ವಿಷಯವನ್ನು ಅಣ್ಣ ಆಗಲೇ ಪೊಲೀಸರಿಗೆ ತಾನಾಗಿ ಹೇಳಿದ್ದ. ನಾನು ಏಳುವಾಗ ಮೇಸ್ತ್ರಿ ನನ್ನ ಅಂಗಿಯ ತುದಿ ಹಿಡಿದ.

"ಆ ದಿನ ಬೆಳಗ್ಗೆ ನಾನು ಗುಂಡಿಗೆ ಇಳಿಯುದಿಲ್ಲ ಅಂದಿದ್ದೆ ಸಾರ್. ಗೋಡೆಯ ಬುಡದಲ್ಲಿ ಬಿಳಿ ನೀರು ಬರ್ತಾ ಇತ್ತು. ಅಣ್ಣ ಕೆನ್ನೆಗೆ ಒಂದು ಕೊಟ್ಟು ಇಳಿಸಿದ್ದು. ಇದು ಬರೀಬೇಡಿ. ಅವನತ್ರ ಕೂಡ ಹೇಳ್ಬೇಡಿ, ನಾನು ಹೇಳಿದೆ ಅಂತ."

ವರದಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಇಷ್ಟು ಕಾಲದ ಮೇಲೆ, ಅವರ ಹೆಸರು ಬಿಟ್ಟು ಇಲ್ಲಿ ಬರೆಯುತ್ತಿರುವುದಕ್ಕೆ ಅವನ ಒಪ್ಪಿಗೆ ಪಡೆದಿದ್ದೇನೆ. ಆ ದಿನ ನಾನು ಹೊರಗೆ ಬಂದಾಗ ಅಣ್ಣ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ. ತುಟಿಗೆ ಹೊಲಿಗೆ ಹಾಕಿದ್ದರು, ನನ್ನ ಕೈಗುಣ. ಬಂದ ದಿನದಿಂದ ಅಲ್ಲೇ ಇದ್ದಾನೆ, ಔಷಧಿ ತಂದು ಕೊಡುತ್ತಾನೆ, ಒಳಗೆ ಮಾತ್ರ ಬರುವುದಿಲ್ಲ ಎಂದು ನರ್ಸ್ ಹೇಳಿದ್ದರು.

"ಎಂತಾದ್ರೂ ಹೇಳಿದ್ನಾ ಸಾರ್?" ಎಂದ.

"ನಿನ್ನ ಊಟ ಆಯ್ತಾ ಅಂತ ಕೇಳಿದ," ಎಂದೆ. ನನಗೆ ಸುಳ್ಳು ಹೇಳಿ ಅಭ್ಯಾಸ ಕಡಿಮೆ.

ಅವನು ನನ್ನನ್ನೇ ನೋಡಿದ. ಆಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಮತ್ತೆ ಹೊಡೆದುಕೊಂಡ, ಬಲಗೈಯಿಂದ, ಇಡೀ ಕಾರಿಡಾರಿಗೆ ಕೇಳುವಷ್ಟು ಜೋರಾಗಿ. ಹೊಲಿಗೆ ಬಿಟ್ಟು ರಕ್ತ ಗದ್ದಕ್ಕೆ ಇಳಿಯಿತು. ನಾನು ಕೈ ಹಿಡಿಯಲು ಬಗ್ಗಿದೆ, ಅವನು ಕೊಡವಿ ಇನ್ನೂ ಜೋರಾಗಿ ಹೊಡೆದುಕೊಂಡ.

ಆಗ ಬಾಗಿಲಿನ ಒಳಗಿನಿಂದ ತಮ್ಮನ ದನಿ ಬಂತು. ಅವನಿಗೆ ಕೇಳಿಸುತ್ತಿದ್ದದ್ದು ಪೆಟ್ಟಿನ ಸದ್ದು ಮಾತ್ರ.

"ಸಾರ್, ಹೊಡೀಬೇಡಿ ಅವನಿಗೆ. ನನ್ನ ಅಣ್ಣ ಅವನು."

ಎತ್ತಿದ ಕೈ ಹಾಗೆಯೇ ನಿಂತಿತು. ಅವನು ಲುಂಗಿಯ ತುದಿಯಿಂದ ಬಾಯಿ ಒರೆಸಿಕೊಂಡು ಒಳಗೆ ಹೋದ.